‘ರಕ್ತ ಹುಳಿಯಾಗಿದೆ’ ಅನ್ನುವ ಫಾರ್ವರ್ಡ್ ಮತ್ತು ನಮ್ಮ ಮನೆ ಗುಂಪು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನಾನು ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ಭಾವ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಇದೇ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು, ಅದಕ್ಕೇ ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ದೊಡ್ಡಪ್ಪ: (ಫಾರ್ವರ್ಡ್) ಎಲ್ಲ ರೋಗಕ್ಕೂ ಮೂಲ ಒಂದೇ, ರಕ್ತ ಹುಳಿಯಾಗುವುದು! ಆಮ್ಲ ಇರುವ ದೇಹದಲ್ಲಿ ಮಾತ್ರ ಕ್ಯಾನ್ಸರ್ ಬೆಳೆಯುತ್ತದೆ. ಇದನ್ನು ಕಂಡುಹಿಡಿದ ಓಟ್ಟೋ ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂತು. ಔಷಧಿ ಕಂಪನಿಗಳು ಮುಚ್ಚಿಟ್ಟವು. ಬೆಳಿಗ್ಗೆ ಎದ್ದ ಕೂಡಲೇ 2 ಲೀಟರ್ ಆಲ್ಕಲೈನ್ (ಕ್ಷಾರದ) ನೀರು ಕುಡಿಯಿರಿ. ದಿನಕ್ಕೆ ಒಟ್ಟು 5 ಲೀಟರ್. ರಾತ್ರಿ ಒಂದು ಚಮಚ ಅಡುಗೆ ಸೋಡಾ. ಉಪ್ಪು ವಿಷ, ಪೂರ್ತಿ ಬಿಡಿ. ಹತ್ತು ಜನಕ್ಕೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.

ದೊಡ್ಡಪ್ಪ: ಎಲ್ಲರೂ ತಪ್ಪದೇ ಓದಿ. ನಾವು ಆಲ್ಕಲೈನ್ ನೀರಿನ ಮಷಿನ್ ಹಾಕಿಸಿದ್ದೇವೆ. ಹತ್ತು ದಿನದಿಂದ ಇದೇ ನೀರು.

ಚಿಕ್ಕಮ್ಮ: ತುಂಬ ಒಳ್ಳೆಯ ಮಾಹಿತಿ. ನಾನೂ ಸೋಡಾ ಶುರು ಮಾಡ್ತೀನಿ.

ತಮ್ಮ: ನಮ್ಮ ಜಿಮ್‌ನಲ್ಲೂ ದಿನಕ್ಕೆ 4 ಲೀಟರ್ ಚಾಲೆಂಜ್ ನಡೀತಿದೆ. ದೊಡ್ಡಪ್ಪ ನಮಗಿಂತ ಮುಂದಿದ್ದಾರೆ!

ನಾನು: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಬಹುಪಾಲು ತಪ್ಪು. ಕೆಲವು ಮಾತು ಅಪಾಯದ್ದು. ಡ್ಯೂಟಿ ಮುಗಿಸಿ ಬಂದು ಬರೀತೀನಿ. ಚಿಕ್ಕಮ್ಮ, ಅಲ್ಲೀವರೆಗೆ ಸೋಡಾ ಮುಟ್ಟಬೇಡಿ.

ದೊಡ್ಡಪ್ಪ: ತಪ್ಪು ಅಂತ ಹೇಗೆ ಹೇಳ್ತೀಯ? ನೊಬೆಲ್ ಬಂದಿರುವುದು ಸುಳ್ಳಾ?

ಭಾವ: ನೊಬೆಲ್ ಬಂದಿದ್ದು ನಿಜ ಮಾವ. 1931ರಲ್ಲೇ ಬಂತು. ಆದರೆ ಕ್ಯಾನ್ಸರ್‌ಗೆ ಅಲ್ಲ. ಜೀವಕೋಶ ಆಮ್ಲಜನಕವನ್ನು ಬಳಸಲು ಸಹಾಯ ಮಾಡುವ ಕಿಣ್ವ ಎಂಥದ್ದು, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವ ಕೆಲಸಕ್ಕೆ ಬಂತು. ಕ್ಯಾನ್ಸರ್ ಬಗ್ಗೆಯೂ ವಾರ್‌ಬರ್ಗ್ ಕೆಲಸ ಮಾಡಿದ್ದರು. ಗಡ್ಡೆಯ ಜೀವಕೋಶಗಳು ಆಮ್ಲಜನಕ ಸಿಕ್ಕರೂ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡಿಬಿಡುತ್ತವೆ ಅಂತ 1920ರ ದಶಕದಲ್ಲಿ ತೋರಿಸಿದರು. ಅಂದರೆ ಗಡ್ಡೆ ತನ್ನ ಸುತ್ತ ಆಮ್ಲ ಮಾಡುತ್ತದೆ. ಆಮ್ಲ ಗಡ್ಡೆ ಮಾಡಿತು ಅಂತಲ್ಲ. ಫಾರ್ವರ್ಡ್ ಬರೆದವರು ಅದನ್ನೇ ತಿರುಗಿಸಿ ಬರೆದಿದ್ದಾರೆ.

ದೊಡ್ಡಪ್ಪ: ಅಳಿಯಂದಿರೇ, ಪುಸ್ತಕದ ಮಾತು ಇರಲಿ. ಪಟ್ಟಿ ಅದ್ದಿ ನಾನೇ ಪರೀಕ್ಷೆ ಮಾಡಿದ್ದೀನಿ. ಮೊದಲ ದಿನ ಮೂತ್ರದ ಪಿಎಚ್ ಐದೂವರೆ. ಈಗ ಏಳೂವರೆ. ಫೋಟೋ ಇದೆ. ಇದಕ್ಕೇನು ಹೇಳ್ತೀರಿ?

ನಾನು: ಫೋಟೋ ಸರಿಯಾಗೇ ಇದೆ ದೊಡ್ಡಪ್ಪ. ಆದರೆ ಅದು ತೋರಿಸುವುದು ಮೂತ್ರವನ್ನು, ರಕ್ತವನ್ನಲ್ಲ. ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಮೂತ್ರದ ಪಿಎಚ್ 4.5ರಿಂದ 8ರವರೆಗೆ ಹೇಗೆ ಬೇಕಾದರೂ ಓಡಾಡುತ್ತದೆ. ಓಡಾಡಲೇಬೇಕು, ಕಿಡ್ನಿಯ ಕೆಲಸವೇ ಅದು. ನೀವು ಸೋಡಾದಿಂದ ಒಳಗೆ ಹಾಕಿದ ಹೆಚ್ಚಿನ ಕ್ಷಾರವನ್ನು ಕಿಡ್ನಿ ಬೇಡ ಅಂತ ಹೊರಗೆ ತಳ್ಳಿದೆ. ನಿಮ್ಮ ಪಟ್ಟಿ ಹಿಡಿದದ್ದು ಅದನ್ನು. ರಕ್ತದ ಪಿಎಚ್ ಮೊದಲ ದಿನವೂ 7.35ರಿಂದ 7.45ರ ಒಳಗೇ ಇತ್ತು, ಇವತ್ತೂ ಅಲ್ಲೇ ಇರುತ್ತದೆ. ಅದು 6.8ಕ್ಕಿಂತ ಕೆಳಗೆ ಅಥವಾ 7.8ಕ್ಕಿಂತ ಮೇಲೆ ಹೋದರೆ ಮನುಷ್ಯ ಬದುಕುವುದು ಕಷ್ಟ. ಹುಳಿ ರಕ್ತ ಇಟ್ಟುಕೊಂಡು ಯಾರೂ ವರ್ಷಗಟ್ಟಲೆ ಸುಮ್ನೆ ಓಡಾಡಿಕೊಂಡಿರುವುದಿಲ್ಲ.

ಚಿಕ್ಕಮ್ಮ: ಹಾಗಾದ್ರೆ ನೀರಿಂದ ಏನೂ ಆಗಲ್ವಾ ಪುಟ್ಟಿ? ಅಷ್ಟು ದುಡ್ಡು ಕೊಟ್ಟು ಮಷಿನ್ ತಂದಿದ್ದಾರಲ್ಲ.

ಭಾವ: ಲೆಕ್ಕ ಹಾಕಿ ನೋಡೋಣ ಅತ್ತೆ. ಮಷಿನ್ ನೀರಿನ ಪಿಎಚ್ 9 ಅಂತ ಇಟ್ಟುಕೊಳ್ಳಿ. ಅಂಥ 1 ಲೀಟರ್ ನೀರಿನಲ್ಲಿ ಇರುವ ಹೈಡ್ರಾಕ್ಸೈಡ್, ಅಂದರೆ ಕ್ಷಾರದ ಕಣ, ಬರೀ 0.01 ಮಿಲಿಮೋಲ್ (ಕಣಗಳನ್ನು ಎಣಿಸುವ ಅಳತೆ). 60 ಕಿಲೋ ತೂಕದವರ ದೇಹದಲ್ಲಿ ಉಸಿರಿನ ಮೂಲಕ ಹೊರಹೋಗಲಾರದ ಆಮ್ಲ ದಿನಕ್ಕೆ ಸುಮಾರು 60 ಮಿಲಿಮೋಲ್ ತಯಾರಾಗುತ್ತದೆ. ಅದನ್ನು ಈ ನೀರಿನಿಂದಲೇ ತಟಸ್ಥ ಮಾಡುತ್ತೇವೆ ಅಂದರೆ 6,000 ಲೀಟರ್ ಬೇಕು. ಅದೂ ಹೊಟ್ಟೆ ದಾಟಿ ಹೋದರೆ. ಜಠರದ ರಸದ ಪಿಎಚ್ 1.5ರ ಹತ್ತಿರ ಇದ್ದಾಗ, ಅದರ ಅರ್ಧ ಮಿಲಿಲೀಟರ್ ಕೂಡ ಬೇಡ, ಈ 1 ಲೀಟರ್ ನೀರಿನ ಕ್ಷಾರವನ್ನು ಮುಗಿಸಲು. ನೀರಿನಲ್ಲಿ ಬೈಕಾರ್ಬೊನೇಟ್ ಖನಿಜ ಇದ್ದರೆ ಕ್ಷಾರ ಇನ್ನೂ ಸ್ವಲ್ಪ ಜಾಸ್ತಿ ಇರುತ್ತದೆ, ಒಪ್ಪುತ್ತೇನೆ. ಆದರೆ ಪಿಎಚ್ ಸಂಖ್ಯೆ ನೋಡಿ ಮಾತ್ರ ಮರುಳಾಗಬೇಡಿ. ಆ ಸಂಖ್ಯೆಯಿಂದ ಕ್ಷಾರ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ.

ದೊಡ್ಡಪ್ಪ: ಹಾಗಾದರೆ ಆ 60 ಮಿಲಿಮೋಲ್ ಆಮ್ಲ ಎಲ್ಲಿ ಹೋಗುತ್ತದೆ? ನೀವೇ ದಿನಾ ತಯಾರಾಗುತ್ತದೆ ಅಂದಿರಿ. ಸೇರಿ ಸೇರಿ ರೋಗ ಆಗುವುದಿಲ್ವಾ?

ನಾನು: ಒಳ್ಳೆಯ ಪ್ರಶ್ನೆ ದೊಡ್ಡಪ್ಪ. ಇದನ್ನು ಸ್ವಲ್ಪ ಉದ್ದ ಬರೀತೀನಿ.

ನಾನು: ನಿಮ್ಮ ಮನೆಯ ಮೇಲಿನ ಟ್ಯಾಂಕ್‌ನಲ್ಲಿ ತೇಲುವ ವಾಲ್ವ್ ಇದೆಯಲ್ಲ, ನೀರು ಇಳಿದರೆ ತೆರೆಯುತ್ತದೆ, ತುಂಬಿದರೆ ಮುಚ್ಚುತ್ತದೆ. ನೀವು ಮಹಡಿ ಹತ್ತಿ ಕಾಯುವುದಿಲ್ಲ. ಆಮ್ಲದ ವಿಷಯದಲ್ಲಿ ದೇಹಕ್ಕೆ ಅಂಥವು ಮೂರಿವೆ. ಮೊದಲನೆಯದು ರಕ್ತದಲ್ಲೇ ಇರುವ ಬೈಕಾರ್ಬೊನೇಟ್, ಲೀಟರಿಗೆ 22ರಿಂದ 26 ಮಿಲಿಮೋಲ್. ಆಮ್ಲ ಬಂದ ಕೂಡಲೇ ಅದು ಹಿಡಿದುಕೊಂಡು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡುತ್ತದೆ. ಎರಡನೆಯದು ಶ್ವಾಸಕೋಶ. ಆ ಇಂಗಾಲದ ಡೈಆಕ್ಸೈಡ್ ಉಸಿರಲ್ಲಿ ಹೋಗುತ್ತದೆ, ದಿನಕ್ಕೆ ಸುಮಾರು 15,000 ಮಿಲಿಮೋಲ್. ಭಾವ ಹೇಳಿದ 60ರ ಪಕ್ಕ ಇಟ್ಟು ನೋಡಿ. ಮೂರನೆಯದು ಕಿಡ್ನಿ. ಅದು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ, ಅದರಲ್ಲಿ ಸುಮಾರು ಒಂದೂವರೆ ಲೀಟರ್ ಮಾತ್ರ ಮೂತ್ರವಾಗಿ ಬಿಡುತ್ತದೆ. ಸೋಸಿ ಬಂದ ಬೈಕಾರ್ಬೊನೇಟನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಎಳೆದುಕೊಳ್ಳುತ್ತದೆ. ಖರ್ಚಾದಷ್ಟನ್ನು ಹೊಸದಾಗಿ ಮಾಡುತ್ತದೆ. ಆ 60 ಮಿಲಿಮೋಲ್ ಆಮ್ಲವನ್ನು ಮೂತ್ರದ ಜೊತೆ ಕಳಿಸುತ್ತದೆ. ಅದಕ್ಕೇ ಮೊದಲ ದಿನ ನಿಮ್ಮ ಮೂತ್ರ ಐದೂವರೆ ಇದ್ದದ್ದು. ಅದು ಆರೋಗ್ಯದ ಗುರುತು ದೊಡ್ಡಪ್ಪ. ನನ್ನ ವಾರ್ಡಿಗೆ ಬರುವವರಿಗೆ ಆ ಭಾಗ್ಯ ಇಲ್ಲ. ಅವರ ಕಿಡ್ನಿಗೆ ಆಮ್ಲ ಹೊರಹಾಕಲು ಆಗುವುದಿಲ್ಲ, ಬೈಕಾರ್ಬೊನೇಟ್ 16, 17ಕ್ಕೆ ಇಳಿದಿರುತ್ತದೆ. ಡಯಾಲಿಸಿಸ್ ಮಷಿನ್ ಮೂಲಕ ನಾವು ವಾಪಸ್ ತುಂಬುತ್ತೇವೆ.

ಚಿಕ್ಕಮ್ಮ: ಅಂದ್ರೆ ಬೈಕಾರ್ಬೊನೇಟ್ ಒಳ್ಳೇದೇ ಆಯ್ತಲ್ಲ. ಅಡುಗೆ ಸೋಡಾನೂ ಅದೇ ಅಲ್ವಾ?

ನಾನು: ಅದೇ ಚಿಕ್ಕಮ್ಮ, ಸೋಡಿಯಂ ಬೈಕಾರ್ಬೊನೇಟ್. ಕಿಡ್ನಿ ಕಾಯಿಲೆ ಇರುವ ಕೆಲವರಿಗೆ ಡಾಕ್ಟರೇ ಅದರ ಮಾತ್ರೆ ಬರೆಯುತ್ತಾರೆ. ರಕ್ತ ಪರೀಕ್ಷೆ ಮಾಡಿ, 22ಕ್ಕಿಂತ ಕಡಿಮೆ ಇದ್ದರೆ, ಎಷ್ಟು ಅಂತ ಲೆಕ್ಕ ಹಾಕಿ. ಅದು ಔಷಧಿ. ರೋಗ ಇಲ್ಲದವರು ಅಂದಾಜಿಗೆ ಚಮಚ ಹಾಕುವುದು ಬೇರೆ.

ಚಿಕ್ಕಮ್ಮ: ಎದೆ ಉರಿಗೆ ನಿಜವಾಗ್ಲೂ ಕಡಿಮೆ ಆಗುತ್ತೆ ಕಣೇ. ನಾನು ಮೊದಲೂ ಕುಡಿದಿದ್ದೀನಿ.

ನಾನು: ಆಗುತ್ತೆ, ಸುಳ್ಳಲ್ಲ. ಹೊಟ್ಟೆಯ ಆಮ್ಲದ ಜೊತೆ ಸೇರಿ ಉಪ್ಪು, ನೀರು, ಗ್ಯಾಸ್ ಆಗುತ್ತೆ. ತೇಗು ಬರುವುದು ಅದಕ್ಕೇ. ಆದರೆ ಒಂದು ಟೀ ಚಮಚ ಸೋಡಾದಲ್ಲಿ 1,200 ಮಿಲಿಗ್ರಾಂಗಿಂತ ಜಾಸ್ತಿ ಸೋಡಿಯಂ ಇದೆ, ಉಪ್ಪಿನಲ್ಲಿ ಇರುವುದೂ ಅದೇ. ದೊಡ್ಡವರು ಇಡೀ ದಿನಕ್ಕೆ 2,000 ಮಿಲಿಗ್ರಾಂ ಒಳಗೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಫಾರ್ವರ್ಡ್ ಉಪ್ಪು ವಿಷ ಅನ್ನುತ್ತೆ, ಇನ್ನೊಂದು ಬಾಗಿಲಿಂದ ಸೋಡಿಯಂ ತುಂಬಿಸುತ್ತೆ. ಬಿಪಿ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಇದು ನೇರ ಹೊಡೆತ. ಊಟ ಮಾಡಿ ತುಂಬಿದ ಹೊಟ್ಟೆಯ ಮೇಲೆ ಜಾಸ್ತಿ ಸೋಡಾ ಕುಡಿದು ಜಠರವೇ ಒಡೆದ ಪ್ರಸಂಗಗಳು ವೈದ್ಯಕೀಯ ದಾಖಲೆಯಲ್ಲಿವೆ. ಪದೇ ಪದೇ ಎದೆ ಉರಿ ಬಂದರೆ ಯಾಕೆ ಅಂತ ತೋರಿಸಬೇಕು ಚಿಕ್ಕಮ್ಮ.

ತಮ್ಮ: ಅಕ್ಕ, ಒಂದು ಡೌಟು. ರಕ್ತ ಸ್ವಲ್ಪ ಕ್ಷಾರ ಆದ್ರೆ ತೊಂದರೆ ಏನು? ಆಮ್ಲ ಕೆಟ್ಟದ್ದು, ಕ್ಷಾರ ಒಳ್ಳೇದು ಅಂತ ತಾನೇ ಎಲ್ಲರೂ ಹೇಳೋದು.

ನಾನು: ತುಂಬ ಗಾಬರಿಯಾದವರು ಬೇಗ ಬೇಗ ಉಸಿರಾಡುವುದನ್ನು ನೋಡಿದ್ದೀಯಾ? ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ಅವರ ರಕ್ತ ಕೆಲವೇ ನಿಮಿಷದಲ್ಲಿ ಕ್ಷಾರದ ಕಡೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ತುಟಿ ಸುತ್ತ ಜುಮ್ ಅನ್ನುತ್ತದೆ, ಬೆರಳು ಸೆಟೆದುಕೊಳ್ಳುತ್ತವೆ, ತಲೆ ಸುತ್ತುತ್ತದೆ. ಇದೇ ಆಲ್ಕಲೈನ್ ರಕ್ತ. ಯಾರಿಗೂ ಹಿತವಾಗಿದ್ದದ್ದನ್ನು ನಾನು ನೋಡಿಲ್ಲ. ಇದರ ಎದುರು ಕಡೆ, ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ರಕ್ತ ನಿಜವಾಗಿಯೂ ಆಮ್ಲವಾದವರು ಆಳವಾಗಿ, ಒಂದೇ ಸಮನೆ ಉಸಿರೆಳೆಯುತ್ತಾರೆ. 1874ರಲ್ಲಿ ಅಡಾಲ್ಫ್ ಕುಸ್‌ಮೌಲ್ ಅನ್ನುವ ಜರ್ಮನ್ ವೈದ್ಯರು ಇದನ್ನು ಬರೆದಿಟ್ಟರು, ಈಗಲೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ಆ ಉಸಿರು ಕೇಳಿದ ಕೂಡಲೇ ವಾರ್ಡಿನಲ್ಲಿ ಎಲ್ಲರೂ ಓಡುತ್ತಾರೆ. ಅವರಿಗೆ ಬೇಕಾದದ್ದು ಇನ್ಸುಲಿನ್, ಡ್ರಿಪ್, ಪೊಟ್ಯಾಸಿಯಂ ಮೇಲೆ ಕಣ್ಣು. ಬಾಟಲಿ ನೀರಲ್ಲ.

ದೊಡ್ಡಪ್ಪ: ಸರಿ, ಸೋಡಾ ಬಿಟ್ಟುಬಿಡೋಣ. ಆದರೆ ನೀರು ನೀರೇ ಅಲ್ವಾ. ಜಾಸ್ತಿ ನೀರು ಕುಡಿದು ಯಾರೂ ಹಾಳಾಗಿಲ್ಲ. ದಿನಕ್ಕೆ ಎಂಟು ಲೋಟ ಅಂತ ಡಾಕ್ಟರುಗಳೇ ಹೇಳುವುದು.

ಭಾವ: ಎಂಟು ಲೋಟದ ಬೇರು 1945ರ ಅಮೆರಿಕದ ಆಹಾರ ಸಲಹೆಯಲ್ಲಿದೆ ಅಂತ ಹೇಳುತ್ತಾರೆ ಮಾವ. ದಿನಕ್ಕೆ ಎರಡೂವರೆ ಲೀಟರ್ ಅಂತ ಅದರಲ್ಲಿತ್ತು. ಅದರಲ್ಲಿ ಹೆಚ್ಚಿನ ಪಾಲು ತಿನ್ನುವ ಆಹಾರದಲ್ಲೇ ಬಂದುಬಿಡುತ್ತದೆ ಅಂತಲೂ ಮುಂದಿನ ಸಾಲಿನಲ್ಲಿತ್ತು. ಆ ಸಾಲನ್ನು ಎಲ್ಲರೂ ಮರೆತರು.

ನಾನು: ಜಾಸ್ತಿ ನೀರಿಂದ ತೊಂದರೆ ಆಗುತ್ತದೆ ದೊಡ್ಡಪ್ಪ. ತಮ್ಮಾ, ನೀನೂ ಓದು. ನಮ್ಮ ದೇಹದ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಜೀವಕೋಶದ ಒಳಗಿದೆ, ಒಂದು ಪಾಲು ಹೊರಗೆ. ಹೊರಗಿನ ನೀರಲ್ಲಿ ಸೋಡಿಯಂ ಜಾಸ್ತಿ, ಲೀಟರಿಗೆ 135ರಿಂದ 145 ಮಿಲಿಮೋಲ್. ಬರೀ ನೀರು ಸುರಿದು ಅದು ತೆಳುವಾದರೆ ನೀರು ಜೀವಕೋಶದ ಒಳಗೆ ನುಗ್ಗುತ್ತದೆ. ಬೇರೆ ಕಡೆ ಊದಿದರೆ ಹೇಗೋ ತಡೆದುಕೊಳ್ಳಬಹುದು. ಮಿದುಳು ಊದಿದರೆ ಜಾಗ ಇಲ್ಲ, ಸುತ್ತ ಮೂಳೆ. ಮೊದಲು ತಲೆಭಾರ, ವಾಕರಿಕೆ. ಆಮೇಲೆ ಗೊಂದಲ, ತೂಕಡಿಕೆ. ಇನ್ನೂ ಇಳಿದರೆ ಫಿಟ್ಸ್.

ತಮ್ಮ: ಗಟ್ಟಿಮುಟ್ಟಾಗಿ ಇರೋರಿಗೂ ಆಗುತ್ತಾ?

ನಾನು: ಆಗುತ್ತೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರ ಸೋಡಿಯಂ ಕಡಿಮೆ ಇತ್ತು. ಮೂವರದು 120ಕ್ಕೆ ಅಥವಾ ಅದಕ್ಕಿಂತ ಕೆಳಗೆ ಹೋಗಿತ್ತು. ಯಾರಿಗೆ ಜಾಸ್ತಿ ಆಯ್ತು ಗೊತ್ತಾ? ಓಟ ಮುಗಿಸಿದಾಗ ತೂಕ ಏರಿದ್ದವರಿಗೆ. ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ದರು. ಚೆನ್ನಾಗಿರುವ ಕಿಡ್ನಿ ಕೂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಹತ್ತಿರ ಹೊರಹಾಕಬಲ್ಲದು. ಜೋರಾಗಿ ವ್ಯಾಯಾಮ ಮಾಡುವಾಗ ಮೂತ್ರ ತಡೆಯುವ ಹಾರ್ಮೋನು ಏರಿರುತ್ತದೆ, ಆಗ ಅಷ್ಟೂ ಆಗುವುದಿಲ್ಲ. ಬಾಯಾರಿದಾಗ ಕುಡಿ. ನಿನ್ನ ವಯಸ್ಸಿಗೆ ಬಾಯಾರಿಕೆಯ ಲೆಕ್ಕ ಬಹಳ ನಿಖರ.

ದೊಡ್ಡಪ್ಪ: ಹಾಗಾದರೆ ಉಪ್ಪು ಒಳ್ಳೆಯದು ಅಂತೀಯಾ? ಟಿವಿಯಲ್ಲಿ ದಿನಾ ಉಪ್ಪು ಕಡಿಮೆ ಮಾಡಿ ಅಂತಾರೆ.

ನಾನು: ಕಡಿಮೆ ಮಾಡಿ ಅನ್ನುವುದು ಸರಿ, ಬಿಪಿ ಇದ್ದರೆ ಇನ್ನೂ ಸರಿ. ಪೂರ್ತಿ ಬಿಟ್ಟು ಮೇಲೆ 5 ಲೀಟರ್ ನೀರು ಅನ್ನುವುದು ತಪ್ಪು. ವಾಂತಿ ಭೇದಿಗೆ ಓಆರ್‌ಎಸ್ ಕೊಡುತ್ತೇವಲ್ಲ, ಅದರ ಜೀವವೇ ಉಪ್ಪು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಕೈ ಕೈ ಹಿಡಿದು ಒಳಗೆ ಹೋಗುತ್ತವೆ, ನೀರು ಹಿಂದೆಯೇ ಹೋಗುತ್ತದೆ. ಕಾಲರಾ ಬಂದು ಕರುಳು ಸೋರುತ್ತಿದ್ದರೂ ಈ ದಾರಿ ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿ ಖಾಲಿಯಾದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಡ್ರಮ್ಮಿನಲ್ಲಿ ಇದನ್ನು ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅದೆಷ್ಟೋ ಜೀವ ಉಳಿಯಿತು. ಬರೀ ನೀರಿನಿಂದ ಅದು ಆಗುತ್ತಿರಲಿಲ್ಲ. ಈಗಿನ ಪೊಟ್ಟಣದಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಸಿಟ್ರೇಟ್ ಯಾಕೆ ಅಂದರೆ, ಭೇದಿಯಲ್ಲಿ ಬೈಕಾರ್ಬೊನೇಟ್ ಹೊರಟುಹೋಗಿರುತ್ತದೆ, ಲಿವರ್ ಸಿಟ್ರೇಟನ್ನು ಬೈಕಾರ್ಬೊನೇಟ್ ಮಾಡಿಕೊಳ್ಳುತ್ತದೆ. ಪೊಟ್ಟಣ ಇಡೀ ಒಂದೇ ಸಲಕ್ಕೆ, ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು. ಅರ್ಧ ಮಾಡಿ ಅಂದಾಜಿಗೆ ಕಲಸಬಾರದು.

ಚಿಕ್ಕಮ್ಮ: ನಾನು ಲೋ ಸೋಡಿಯಂ ಉಪ್ಪು ತಂದಿದ್ದೀನಿ. ಅದಾದ್ರೂ ಪರವಾಗಿಲ್ವಾ?

ನಾನು: ನಿಮಗೆ ಕಿಡ್ನಿ ಸರಿ ಇದ್ದರೆ, ಬಿಪಿ ಮಾತ್ರೆ ಯಾವುದೂ ಇಲ್ಲದಿದ್ದರೆ ಪರವಾಗಿಲ್ಲ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ದೇಹದ ಪೊಟ್ಯಾಸಿಯಂ ಹೆಚ್ಚುಕಡಿಮೆ ಎಲ್ಲವೂ ಜೀವಕೋಶದ ಒಳಗಿರುತ್ತದೆ, ರಕ್ತದಲ್ಲಿ ಲೀಟರಿಗೆ ಬರೀ ಮೂರೂವರೆಯಿಂದ ಐದು ಮಿಲಿಮೋಲ್. ಕಿಡ್ನಿ ಸೋತವರಲ್ಲಿ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಲ್ಲಿ ಇದು ಆರೂವರೆ ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಇಸಿಜಿ ಕಾಗದದ ಮೇಲೆ ಸಾಮಾನ್ಯವಾಗಿ ದುಂಡಗೆ ಏಳುವ ಅಲೆ ಗುಡಾರದ ಹಾಗೆ ಚೂಪಾಗಿ ಎದ್ದು ನಿಲ್ಲುತ್ತದೆ. ಅದನ್ನು ಕಂಡ ಕೂಡಲೇ ನಾವು ಕ್ಯಾಲ್ಸಿಯಂ ಇಂಜೆಕ್ಷನ್ ಕೈಗೆ ತಗೊಳ್ತೀವಿ. ರೋಗಿ ಆರಾಮಾಗಿ ಮಾತಾಡ್ತಾ ಇರಬಹುದು, ಒಳಗೆ ಹೀಗಿರುತ್ತದೆ. ಅದಕ್ಕೆ ಕೇಳದೆ ಬಳಸಬೇಡಿ.

ದೊಡ್ಡಮ್ಮ: ಎಲ್ಲ ಓದಿದೆ. ನಾನೂ ಇವರ ಜೊತೆ ಅದೇ ನೀರು ಕುಡೀತಿದ್ದೀನಿ. ಊಟಕ್ಕೆ ಉಪ್ಪು ಹಾಕ್ತಿಲ್ಲ. ನಾಲ್ಕು ದಿನದಿಂದ ತಲೆ ಭಾರ. ನಡೆಯುವಾಗ ತೂರಾಡಿದ ಹಾಗೆ ಆಗುತ್ತೆ. ನಿನ್ನೆ ಮೊಮ್ಮಗನ ಹೆಸರು ಬಾಯಿಗೇ ಬರಲಿಲ್ಲ. ವಯಸ್ಸಾಯ್ತು ಅಂತ ಸುಮ್ಮನಿದ್ದೆ.

ನಾನು: ದೊಡ್ಡಮ್ಮ, ನಿಮ್ಮ ಬಿಪಿ ಮಾತ್ರೆಯ ಹಾಳೆಯ ಫೋಟೋ ಹಾಕಿ. ಈಗಲೇ.

ದೊಡ್ಡಮ್ಮ: (ಫೋಟೋ)

ನಾನು: ಇದರಲ್ಲಿ ಹೈಡ್ರೋಕ್ಲೋರೋಥಯಜೈಡ್ ಇದೆ. ಮೂತ್ರದ ಜೊತೆ ಸೋಡಿಯಂ ಹೊರಹಾಕುವ ಮಾತ್ರೆ ಅದು. ಬಿಪಿಗೆ ಒಳ್ಳೆಯದು, ತಪ್ಪು ಔಷಧಿ ಅಲ್ಲ. ಆದರೆ ಇದನ್ನು ತಗೊಳ್ಳುವ ವಯಸ್ಸಾದವರು, ಅದರಲ್ಲೂ ಹೆಂಗಸರು, ಉಪ್ಪು ಬಿಟ್ಟು ನೀರು ಜಾಸ್ತಿ ಮಾಡಿದರೆ ಸೋಡಿಯಂ ಬೇಗ ಇಳಿಯುತ್ತದೆ. ಇನ್ನು ನೀರು ಕುಡಿಯಬೇಡಿ, ಬಾಯಿ ಒಣಗಿದರೆ ಗುಟುಕು ಮಾತ್ರ. ಮನೆಯಲ್ಲೇ ಉಪ್ಪು ನೀರು ಕಲಸಿ ಕುಡಿಯುವುದೂ ಬೇಡ. ಇವತ್ತೇ ಆಸ್ಪತ್ರೆಗೆ. ಭಾವ, ನೀವು ಹತ್ತಿರ ಇದ್ದೀರಿ.

ಭಾವ: ಹೊರಟೆ. ಹದಿನೈದು ನಿಮಿಷ.

ದೊಡ್ಡಪ್ಪ: ಅಷ್ಟೊಂದು ಗಂಭೀರವಾ?

ನಾನು: ಪರೀಕ್ಷೆ ಆಗದೆ ಹೇಳಲ್ಲ ದೊಡ್ಡಪ್ಪ. ಹೋಗುವಾಗ ಮಾತ್ರೆಯ ಹಾಳೆ ತಗೊಂಡು ಹೋಗಿ. ದಿನಕ್ಕೆ ಎಷ್ಟು ನೀರು, ಎಷ್ಟು ದಿನದಿಂದ, ಸೋಡಾ ಎಷ್ಟು, ಎಲ್ಲ ಹೇಳಿ. ಮುಚ್ಚಿಡಬೇಡಿ, ಅದರ ಮೇಲೆ ಚಿಕಿತ್ಸೆ ನಿಂತಿದೆ.

ಭಾವ: ಸೋಡಿಯಂ 122. ಪೊಟ್ಯಾಸಿಯಂ 3.1. ಅಡ್ಮಿಟ್ ಮಾಡಿಕೊಂಡಿದ್ದಾರೆ. ಮಾತಾಡ್ತಿದ್ದಾರೆ, ಗಾಬರಿ ಇಲ್ಲ.

ತಮ್ಮ: ಬೇಗ ಸೋಡಿಯಂ ಏರಿಸಿಬಿಟ್ಟರೆ ಆಯ್ತಲ್ಲ ಅಕ್ಕ?

ನಾನು: ಬೇಗ ಏರಿಸಬಾರದು. ಹಲವು ದಿನದಲ್ಲಿ ಇಳಿದದ್ದಕ್ಕೆ ಮಿದುಳು ಹೊಂದಿಕೊಂಡಿರುತ್ತದೆ. ಒಮ್ಮೆಲೇ ಮೇಲೆ ಎಳೆದರೆ ನರಗಳ ಹೊದಿಕೆ ಹಾಳಾಗಿ ಮಾತು, ಕೈಕಾಲು ಹೋಗಬಹುದು. ಅದಕ್ಕೆ 24 ಗಂಟೆಯಲ್ಲಿ 8ರ ಆಸುಪಾಸು ಮಾತ್ರ ಏರಲು ಬಿಡುತ್ತಾರೆ, ಕೆಲವು ಗಂಟೆಗೊಮ್ಮೆ ರಕ್ತ ನೋಡುತ್ತಾರೆ. ಪದೇ ಪದೇ ಸೂಜಿ ಹಾಕ್ತಾರೆ ಅಂತ ದೊಡ್ಡಮ್ಮ ಬೇಜಾರು ಮಾಡ್ಕೊಂಡರೆ ಸಮಾಧಾನ ಹೇಳಿ ಭಾವ. ಪೊಟ್ಯಾಸಿಯಂ ಕೂಡ ಆ ಮಾತ್ರೆಯಿಂದಲೇ ಇಳಿದಿರಬೇಕು. ಸೋಡಾ ಕೂಡ ಪೊಟ್ಯಾಸಿಯಂ ಇಳಿಸುತ್ತದೆ.

ಭಾವ: ಇವತ್ತು ಬೆಳಿಗ್ಗೆ 129. ಹೆಸರು ಕೇಳಿದ್ದಕ್ಕೆ ಮೊಮ್ಮಗನದ್ದು ಸರಿಯಾಗಿ ಹೇಳಿದರು, ಅವನ ಹುಟ್ಟಿದ ದಿನವನ್ನೂ ಸೇರಿಸಿ. ಮಾತ್ರೆ ಬದಲಿಸುತ್ತಾರಂತೆ.

ದೊಡ್ಡಪ್ಪ: ದೇವರ ದಯೆ. ನನಗೊಂದು ಹೇಳು ಮಗಳೇ. ಮಷಿನ್ ನೀರು ಇನ್ನು ಮುಂದೆ ಕುಡಿಯಲೇಬಾರದಾ? ನನಗೆ ಏನೂ ಆಗಿಲ್ಲವಲ್ಲ.

ನಾನು: ಮಷಿನ್ ಇದೆ ಅಂದಮೇಲೆ ಆಲ್ಕಲೈನ್ ಬಟನ್ ಒತ್ತದೆ ಸಾದಾ ನೀರು ತಗೊಂಡು, ಬಾಯಾರಿದಾಗ ಕುಡಿಯಿರಿ. ವಯಸ್ಸಾದ ಮೇಲೆ ಬಾಯಾರಿಕೆ ಸ್ವಲ್ಪ ಮಂದ ಆಗುತ್ತೆ, ಅದಕ್ಕೆ ಊಟದ ಜೊತೆಗೂ ಒಂದು ಲೋಟ ಇರಲಿ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ನಿಮಗೆ ಕೊನೆಗೆ ಯಾವಾಗ ಆಗಿತ್ತು?

ದೊಡ್ಡಪ್ಪ: ರಿಟೈರ್ ಆದಾಗ ಮಾಡಿಸಿದ್ದು.

ನಾನು: ನಾಳೆ ಆಸ್ಪತ್ರೆಗೆ ಹೋದಾಗ ನೀವೂ ರಕ್ತ ಕೊಟ್ಟು ಬನ್ನಿ. ಸೋಡಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್, ಕ್ರಿಯಾಟಿನಿನ್. ರಿಪೋರ್ಟ್ ಬಂದ ಕೂಡಲೇ ಇಲ್ಲೇ ಹಾಕಿ, ನಾನು ನೋಡ್ತೀನಿ.

ದೊಡ್ಡಪ್ಪ: ಆಯ್ತು. ಈ ಫಾರ್ವರ್ಡ್ ನಮ್ಮ ವಾಕಿಂಗ್ ಗೆಳೆಯರ ಗುಂಪಿಗೂ ಕಳಿಸಿದ್ದೆ. ಅವರಲ್ಲಿ ಇಬ್ಬರಿಗೆ ಹಾರ್ಟಿನ ಮಾತ್ರೆ ಇದೆ. ಫೋನ್ ಮಾಡ್ತೀನಿ.